ಏನು ಮಿಸ್ಸಿಂಗ್?

ಮೊನ್ನೆ ಹೊಲಿಗೆ ಮಷೀನಿನ ಡ್ರಾಯರಿನಲ್ಲಿ ಬಾಬಿನ್ ಹುಡುಕುತ್ತಿದ್ದೆ. ಬಾಬಿನ್ ಸಿಗಲಿಲ್ಲ. ಬೇಕಾದ ವಸ್ತು ಬೇಕಾದ ಹೊತ್ತಿಗೆ ನನಗೆ ಸಿಕ್ಕ ದಾಖಲೆ ನಮ್ಮ ಮನೆಯಲ್ಲಿಲ್ಲ. ಅದರ ಬದಲು ಮೂರು ಒಂಟಿ ಗುಂಡಿ, ಬೆರಳುದ್ದದ ಸೀಮೆಸುಣ್ಣ, ಮತ್ತು ತಲೆಯ ಮೇಲೆ ರಬ್ಬರಿಲ್ಲದ ಒಂದು ಇಂಕ್ ಫಿಲ್ಲರ್ ಸಿಕ್ಕವು. ಇಂಕ್ ಫಿಲ್ಲರ್ ಎಂದರೇನೆಂದು ವಿವರಿಸಬೇಕಾದ ಕಾಲ ಬಂದಿದೆ. ಒಂದು ತುದಿ ಚೂಪಾದ ಗಾಜಿನ ಕೊಳವೆ, ಇನ್ನೊಂದು ತುದಿಗೆ ಟೊಪ್ಪಿಗೆಯಂಥ ರಬ್ಬರು. ರಬ್ಬರನ್ನು ಒತ್ತಿ ಶಾಯಿ ಬಾಟಲಿಗೆ ಅದ್ದಿ ಬಿಟ್ಟರೆ ಶಾಯಿ ಮೇಲೇರುತ್ತಿತ್ತು. ಪೆನ್ನಿಗೆ ಹಿಡಿದು ಮತ್ತೆ ಒತ್ತಿದರೆ ಅರ್ಧ ಪೆನ್ನಿಗೆ, ಅರ್ಧ ಅಂಗಿಗೆ ಹೋಗುತ್ತಿತ್ತು.

ರಬ್ಬರು ಹೋದ ಫಿಲ್ಲರನ್ನು ಬುದ್ಧಿ ಇದ್ದವರು ಎಸೆಯುತ್ತಾರೆ. ನಾನು ಎಸೆದಿಲ್ಲ. ಅದರ ರಬ್ಬರು ಎಲ್ಲಿ ಹೋಯಿತೆಂದು ನೀವು ಕೇಳಿದರೆ ಒಂದು ಮದುವೆಯ ಸಂಗತಿ ಹೇಳಬೇಕಾಗುತ್ತದೆ, ಮದುವೆಯ ಸಂಗತಿ ಹೇಳಲು ಒಂದು ಕಾರಿನ ಸಂಗತಿ ಹೇಳಬೇಕು, ಕಾರಿನ ಸಂಗತಿ ಹೇಳಲು ನಮ್ಮ ಮನೆಯವರ ಇಂಗ್ಲಿಷಿನ ಸಂಗತಿ ಹೇಳಬೇಕು. ನೀವು ಕೇಳಲಿಲ್ಲ, ನಿಜ. ಆದರೂ ಕೂತುಕೊಳ್ಳಿ.

ನಾವು ಗದಗಿನವರು. ಎಪ್ಪತ್ತರ ದಶಕದಲ್ಲಿ ನಮ್ಮ ಮನೆಯವರಿಗೆ ಬೆಂಗಳೂರಿನ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ಕೆಲಸ ಸಿಕ್ಕಿತು. ಬೆಂಗಳೂರು ಎಂದು ನಂಬಿ ಬಂದವಳನ್ನು ಅವರು ತಂದು ಇಳಿಸಿದ್ದು ಅಮೃತಹಳ್ಳಿಯಲ್ಲಿ. ಸುತ್ತ ದ್ರಾಕ್ಷಿ ತೋಟ, ರಾಗಿ ಹೊಲ, ಮೇಲೆ ಜಕ್ಕೂರಿನ ವಿಮಾನ ಶಾಲೆಯ ಪುಟ್ಟ ವಿಮಾನಗಳು. ಚಿಕ್ಕಮುನಿಯಪ್ಪ ಎಂಬ ರೈತರ ವಠಾರದಲ್ಲಿ ನಮಗೆ ಎರಡು ಕೋಣೆ. ಮೊದಲ ದಿನ ಬೆಳಿಗ್ಗೆ ನಾನು ಜೋಳದ ರೊಟ್ಟಿ ಬಡಿಯುತ್ತಿದ್ದಾಗ ಚಿಕ್ಕಮುನಿಯಪ್ಪನವರ ತಾಯಿ, ಮುನಿತಾಯಮ್ಮಜ್ಜಿ, ಓಡಿಬಂದು ಬಾಗಿಲಲ್ಲಿ ನಿಂತರು.

"ಏನಮ್ಮಾ, ಗೋಡೆ ಕೆಡವ್ತಿದ್ದೀಯಾ?"

"ಇಲ್ರಿ ಅಜ್ಜಿ, ರೊಟ್ಟಿ."

ಅಜ್ಜಿ ರೊಟ್ಟಿಯನ್ನು ನೋಡಿದರು, ಗೋಡೆಯನ್ನೂ ಒಮ್ಮೆ ಮುಟ್ಟಿ ನೋಡಿದರು. ಅಂದಿನಿಂದ ನಾವು ವಠಾರಕ್ಕೆಲ್ಲ "ಉತ್ತರದೋರು" ಆದೆವು. ಕೆಟ್ಟ ಮಾತೇನಲ್ಲ. ಆದರೆ ಎರಡು ವರ್ಷವಾದರೂ ನಮಗೆ ಹೆಸರಿರಲಿಲ್ಲ. "ಉತ್ತರದೋರ್ ಮನೇಲಿ ನೀರ್ ಬಂತಾ?", "ಉತ್ತರದೋರ್ ಬಟ್ಟೆ ಒಣಗಾಕವ್ರೆ" ಎನ್ನುವ ಮಾತು ಗೋಡೆಯಾಚೆಯಿಂದ ಕೇಳಿದಾಗೆಲ್ಲ ನಾನು ರೊಟ್ಟಿಯನ್ನು ಇನ್ನಷ್ಟು ಜೋರಾಗಿ ಬಡಿಯುತ್ತಿದ್ದೆ. ಒಬ್ಬಳೇ ನನ್ನನ್ನು ಅಕ್ಕಾ ಎನ್ನುತ್ತಿದ್ದವಳು ಚಿಕ್ಕಮುನಿಯಪ್ಪನವರ ಮಗಳು ಪುಟ್ಟಲಕ್ಷ್ಮಿ. ಅವಳು ನನ್ನ ಹತ್ತಿರ ರೊಟ್ಟಿ ಬಡಿಯಲು ಕಲಿತಳು, ನಾನು ಅವಳ ಹತ್ತಿರ ಮುದ್ದೆ ನುಂಗಲು ಕಲಿತೆ. ಅವಳ ರೊಟ್ಟಿ ಬೇಗ ದುಂಡಗಾಯಿತು. ನನ್ನ ಗಂಟಲಿಗೆ ಮುದ್ದೆ ಒಗ್ಗಲು ಬಹಳ ದಿನ ಹಿಡಿಯಿತು.

ಇಂಥ ದಿನಗಳಲ್ಲಿ ನಮ್ಮ ಮನೆಯವರು ಕಾರು ತಂದರು. ಜಕ್ಕೂರಿನ ಬಳಿ ಇದ್ದ ಒಬ್ಬ ನಿವೃತ್ತ ಮುದುಕರ ವಿಲಾಯಿತಿ ಕಾರು. ಬಣ್ಣ ಒಂದು ಕಾಲಕ್ಕೆ ಹಸಿರಿದ್ದಿರಬೇಕು. "ಇಟ್ ಹ್ಯಾಸ್ ಅ ಟೆಂಪರಮೆಂಟ್" ಎಂದು, ಅಂದರೆ ಅದಕ್ಕೆ ತನ್ನದೇ ಒಂದು ಸ್ವಭಾವವಿದೆ ಎಂದು, ಆ ಮುದುಕರು ಹೇಳಿದರಂತೆ. ಆ ವಾಕ್ಯಕ್ಕೆ ಮನಸೋತು ಇವರು ಕಾರು ಕೊಂಡರು. ಇಂಗ್ಲಿಷ್ ಮೇಷ್ಟ್ರುಗಳನ್ನು ಸಾಮಾನು ಕೊಳ್ಳಲು ಒಬ್ಬರನ್ನೇ ಕಳಿಸಬಾರದೆಂದು ನಾನು ಕಲಿತದ್ದು ಹೀಗೆ.

ಆ ಕಾರಿನ ಸ್ವಭಾವ ಹೇಳುತ್ತೇನೆ. ಓಡುವಾಗ ಚೆನ್ನಾಗಿ ಓಡುತ್ತಿತ್ತು. ಬಳ್ಳಾರಿ ರಸ್ತೆಯಲ್ಲಿ ಬಸ್ಸುಗಳನ್ನೂ ಹಿಂದೆ ಹಾಕುತ್ತಿತ್ತು. ಆದರೆ ನಿಲ್ಲಿಸಿದರೆ ಸಾಕು, ಇಂಜಿನ್ನು ಮೈಯೆಲ್ಲ ನಡುಗಿ ಗಡಗಡ ಅಲ್ಲಾಡಿ ಬಂದ್ ಆಗಿಬಿಡುತ್ತಿತ್ತು. ಬಂದ್ ಆಗಬಾರದೆಂದರೆ ಕಾಲಲ್ಲಿ ಭರ್ರ್ ಭರ್ರ್ ಎಂದು ಒತ್ತುತ್ತಲೇ ಇರಬೇಕು. ಹೊರಡುವಾಗ ಇನ್ನೊಂದು ತಮಾಷೆ. ಒತ್ತಿದ ಕೂಡಲೇ ಹೋಗುತ್ತಿರಲಿಲ್ಲ, ಒಂದು ಕ್ಷಣ ತಡವರಿಸಿ, ಉಸಿರು ಹಿಡಿದು, ಆಮೇಲೆ ಒಮ್ಮೆಗೇ ಜಿಗಿಯುತ್ತಿತ್ತು. ನಮ್ಮ ಮನೆಯವರೂ ಹಾಗೇ. ಚಹಾ ಬೇಕೇನ್ರಿ ಎಂದು ಕೇಳಿದರೆ ಕಿಟಕಿಯ ಕಡೆ ನೋಡಿ ಯೋಚಿಸುತ್ತಾರೆ, ನಾನು ಅಡಿಗೆಮನೆ ಸೇರಿದ ಮೇಲೆ "ಬೇಕು!" ಎಂದು ಕೂಗುತ್ತಾರೆ. ಆದ್ದರಿಂದ ಮೊದಲ ಆರು ತಿಂಗಳು ನಾನು ಅದನ್ನು ಕಾರಿನ ರೋಗ ಎಂದುಕೊಳ್ಳಲಿಲ್ಲ, ಸಹವಾಸದೋಷ ಎಂದುಕೊಂಡೆ.

ನಿಜವಾದ ಪರೀಕ್ಷೆ ಕೊಡಿಗೇಹಳ್ಳಿಯ ರೈಲ್ವೆ ಗೇಟಿನಲ್ಲಿ. ಗೇಟಿನ ಹತ್ತಿರ ರಸ್ತೆ ಏರು. ಕಾರಿಗೆ ಮೂರು ಪೆಡಲು, ಇವರಿಗೆ ಎರಡೇ ಕಾಲು. ಹಿಂದೆ ಜಾರಬಾರದೆಂದು ಒಂದು ಕಾಲು ಬ್ರೇಕಿನ ಮೇಲಿಟ್ಟರೆ ಇಂಜಿನ್ನು ಬಂದ್, ಇಂಜಿನ್ನಿಗೆ ಕಾಲು ಕೊಟ್ಟರೆ ಕಾರು ಹಿಂದಿನ ಎತ್ತಿನ ಗಾಡಿಯ ಮೇಲೆ. ಹ್ಯಾಂಡ್ ಬ್ರೇಕು ಎಂಬುದು ಇತ್ತು, ನೋಡಲು. ಹಾಗಾಗಿ ಸೀಟಿನ ಕೆಳಗೆ ಒಂದು ಕಲ್ಲಿಟ್ಟಿದ್ದರು. ಗೇಟು ಹಾಕಿದ ಕೂಡಲೇ ನಾನು ಸೆರಗು ಸಿಕ್ಕಿಸಿ ಕೆಳಗೆ ಹಾರಿ ಹಿಂದಿನ ಚಕ್ರಕ್ಕೆ ಕಲ್ಲು ಕೊಡಬೇಕು, ಗೇಟು ತೆಗೆದ ಕೂಡಲೇ ಕಲ್ಲೆತ್ತಿಕೊಂಡು ಓಡುವ ಕಾರು ಹತ್ತಬೇಕು. ಒಮ್ಮೆ ಇವರು ಗೇಟಿನಲ್ಲಿ ಭರ್ರ್ ಭರ್ರ್ ಮಾಡುತ್ತಿದ್ದಾಗ ಪಕ್ಕದ ಬಸ್ಸಿನ ಕಂಡಕ್ಟರು ತಲೆ ಹೊರಗೆ ಹಾಕಿ, "ಸಾರ್, ಸ್ವಲ್ಪ ಸುಮ್ನಿರಿ, ರೈಲು ಹೆದ್ರಿಕೊಂಡು ಬರ್ತಾನೇ ಇಲ್ಲ" ಎಂದ. ಬಸ್ಸಿಗೆ ಬಸ್ಸೇ ನಕ್ಕಿತು. ನಾನೂ ನಕ್ಕೆ, ಕಲ್ಲು ಕೈಯಲ್ಲಿತ್ತಾದ್ದರಿಂದ ಇವರು ಏನೂ ಅನ್ನಲಿಲ್ಲ.

ಆಗ ಪುಟ್ಟಲಕ್ಷ್ಮಿಯ ಮದುವೆ ಗೊತ್ತಾಯಿತು. ಇದರ ಹಿಂದೆ ಒಂದು ನೋವಿತ್ತು. ಹಿಂದಿನ ವರ್ಷ ಒಂದು ಸಂಬಂಧ ಕೂಡಿಬಂದು, ವೀಳ್ಯ ಬದಲಾಯಿಸುವ ಹೊತ್ತಿಗೆ ದೀಪ ಆರಿತೆಂದು ಗಂಡಿನವರು ಎದ್ದುಹೋಗಿದ್ದರು. ಗಾಳಿಗೆ ಆರಿದ ದೀಪ. ಆದರೆ ಆ ಹುಡುಗಿ ಎರಡು ತಿಂಗಳು ಮನೆಯಿಂದ ಹೊರಗೆ ಬಂದಿರಲಿಲ್ಲ, ರೊಟ್ಟಿಗೂ ಬಂದಿರಲಿಲ್ಲ. ಈಗ ಯಶವಂತಪುರದ ಕಡೆಯ ಒಳ್ಳೆಯ ಮನೆ ಸಿಕ್ಕಿತ್ತು. ಮದುವೆ ಅಲ್ಲಿನ ಛತ್ರದಲ್ಲಿ. ಒಂದು ಬೆಳಿಗ್ಗೆ ಚಿಕ್ಕಮುನಿಯಪ್ಪನವರು ನಮ್ಮ ಬಾಗಿಲಿಗೆ ಬಂದು ಹೆಗಲ ಟವೆಲನ್ನು ಕೈಯಲ್ಲಿ ತಿರುಚುತ್ತ ನಿಂತರು.

"ಮೇಷ್ಟ್ರೆ, ಒಂದ್ ಮಾತು. ನಮ್ ಮಗೀನ ನಿಮ್ ಗಾಡೀಲಿ ಕಳಿಸ್ಕೊಡ್ಬೇಕು ಅಂತ ಆಸೆ. ನಮ್ದು ಟ್ರಾಕ್ಟ್ರು ಐತೆ. ಆದ್ರೆ ಅವ್ಳು ಈರುಳ್ಳಿ ಮೂಟೆ ಅಂಗೆ ಓಗಲ್ಲ ಅಂತಾಳೆ."

ಕಾರಿನಂತೆಯೇ ತಡವರಿಸುವ ನಮ್ಮ ಮನೆಯವರು ಆ ಒಂದು ದಿನ ತಡವರಿಸಲಿಲ್ಲ. "ಅಗದೀ ಸಂತೋಷದಿಂದ ರೀ!" ಎಂದುಬಿಟ್ಟರು. ಎರಡು ವರ್ಷದಲ್ಲಿ ಆ ಮನೆಯವರು ನಮ್ಮನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು. ನನಗೂ ಕಣ್ಣು ತುಂಬಿತು. ಆದರೆ ಚಿಕ್ಕಮುನಿಯಪ್ಪನವರ ಹಿಂದೆ ಬಂದಿದ್ದ ಮುನಿತಾಯಮ್ಮಜ್ಜಿ ನನ್ನನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದರು. "ನೋಡಮ್ಮಾ, ಎಣ್ಣು ಕೂತ ಗಾಡಿ ದಾರೀಲಿ ಕೆಟ್ ನಿಲ್ಬಾರ್ದು. ಗಂಡಿನ ಸ್ವಾದರಮಾವ ಬರ್ತಾನೆ ಕರ್ಕೊಂಡೋಗಾಕೆ. ಅವ್ನು ಸಕುನ ನೋಡೋನು. ನಿಂತ್ರೆ ಇದೂ ಓಯ್ತು."

ಅಜ್ಜಿ ಹೋದ ಮೇಲೆ ನಾನು ಇವರನ್ನು ಕೇಳಿದೆ. "ರೀ, ಗೇಟಿನಾಗ ನಿಂತ್ರ?"

"ನಿಲ್ಲೂದಿಲ್ಲ."

"ಯಾವುದು ನಿಲ್ಲೂದಿಲ್ಲ, ರೈಲೋ ಗಾಡಿನೋ?"

ಮರುದಿನವೇ ಕಾರನ್ನು ಆರ್.ಟಿ. ನಗರದ ಸೆಲ್ವಣ್ಣನ ಗ್ಯಾರೇಜಿಗೆ ಒಯ್ದೆವು. ಗ್ಯಾರೇಜೆಂದರೆ ಒಂದು ಹುಣಸೆ ಮರ, ಅದಕ್ಕೆ ನೇತುಹಾಕಿದ ಹಳೆಯ ಟೈರು, ಅದರ ಕೆಳಗೆ ಸೆಲ್ವಣ್ಣ. ಆತ ಬಾನೆಟ್ ತೆಗೆದು, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟುಕೊಂಡು ಕಣ್ಣು ಮುಚ್ಚಿದ. ನನಗೆ ತಟ್ಟನೆ ನಮ್ಮ ಅಪ್ಪನ ನೆನಪಾಯಿತು. ಅಪ್ಪ ಗದಗಿನಲ್ಲಿ ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದ. ನಾಟಕದವರು ಸೋರುವ ಪೆಟ್ಟಿಗೆಗಳನ್ನು ಹೊತ್ತು ನಮ್ಮ ಮನೆಗೇ ಬರುತ್ತಿದ್ದರು. ಅಪ್ಪ ಹೀಗೆಯೇ ಕಣ್ಣು ಮುಚ್ಚಿ ಕಿವಿ ಕೊಡುತ್ತಿದ್ದ, ಆಮೇಲೆ ಒಂದು ಊದಿನಕಡ್ಡಿ ಹಚ್ಚಿ, ಗಾಳಿ ಊದುವ ತಿದಿಯ ಸುತ್ತ ಮೆಲ್ಲಗೆ ಆಡಿಸುತ್ತಿದ್ದ. ಹೊಗೆ ಎಲ್ಲಿ ಬೆಚ್ಚಿ ಹಾರುತ್ತದೋ ಅಲ್ಲಿ ತೂತು. ಅಲ್ಲಿಗೆ ಒಂದು ಚೂರು ಮೆತ್ತನೆಯ ತೊಗಲು ಅಂಟಿಸಿದರೆ ಪೆಟ್ಟಿಗೆ ಮತ್ತೆ ಹಾಡುತ್ತಿತ್ತು. ಊದಿನಕಡ್ಡಿ ಹಿಡಿಯುವ ಕೆಲಸ ನನ್ನದು. ನಮ್ಮ ಮನೆಯಲ್ಲಿ ದೇವರಿಗಿಂತ ಹೆಚ್ಚು ಊದಿನಕಡ್ಡಿ ಹಾರ್ಮೋನಿಯಂಗಳಿಗೆ ಆಗುತ್ತಿತ್ತು.

ಸೆಲ್ವಣ್ಣ ಕಣ್ಣು ತೆರೆದ. "ಮಿಸ್ಸಿಂಗ್ ಐತೆ ಸಾರ್."

ನಮ್ಮ ಮನೆಯವರು ಗಾಬರಿಯಾದರು. "ಏನು ಮಿಸ್ಸಿಂಗ್?"

"ಅದೇ ಸಾರ್, ಮಿಸ್ಸಿಂಗ್."

"ಅದೇ ಕೇಳಾಕತ್ತೇನಿ. ಏನು ಮಿಸ್ಸಿಂಗ್ ಐತಿ?"

"ಅಯ್ಯೋ, ಇಂಜಿನ್ ಮಿಸ್ಸಿಂಗ್ ಸಾರ್!"

ಇವರು ಬಗ್ಗಿ ನೋಡಿದರು. ಇಂಜಿನ್ನು ಇತ್ತು.

ಇಂಜಿನ್ನಿನ ನಾಲ್ಕು ಸಿಲಿಂಡರುಗಳಲ್ಲಿ ಒಂದು ತನ್ನ ಸರದಿಗೆ ಸರಿಯಾಗಿ ಉರಿಯದೆ ತಪ್ಪಿಸಿಕೊಂಡರೆ ಮೆಕ್ಯಾನಿಕ್ಕುಗಳು ಅದನ್ನು ಮಿಸ್ಸಿಂಗ್ ಎನ್ನುತ್ತಾರೆ, ಇಂಜಿನ್ನು ಮಿಸ್ಸಿಂಗ್ ಹೊಡೆಯುತ್ತದೆ ಎನ್ನುತ್ತಾರೆ. ಇದು ಆರ್.ಟಿ. ನಗರದಲ್ಲಿ ಚಹಾ ಅಂಗಡಿಯವನಿಗೂ ಗೊತ್ತಿದ್ದ ಮಾತು, ಎಂ.ಎ. ಇಂಗ್ಲಿಷಿಗೆ ಗೊತ್ತಿರಲಿಲ್ಲ. ಇವರ ಇಂಗ್ಲಿಷಿನಲ್ಲಿ ಮಿಸ್ಸಿಂಗ್ ಎಂದರೆ ಕಾಣೆಯಾದದ್ದು. ಕಾಣೆಯಾದದ್ದಕ್ಕೆ ಒಂದು ಹೆಸರಿರಬೇಕು. ಸೆಲ್ವಣ್ಣ ಪ್ಲಗ್ಗು ಒರೆಸಿ, ಕಾರ್ಬೊರೇಟರ್ ಬಿಚ್ಚಿ ತೊಳೆದು, ಎಲ್ಲ ಮತ್ತೆ ಕೂಡಿಸಿ ಕಳಿಸಿದ. ಎರಡು ದಿನ ಚೆನ್ನಾಗಿದ್ದಂತೆ ಅನ್ನಿಸಿತು, ಮೂರನೆಯ ದಿನ ಹಳೆಯ ನಡುಕ. ಮತ್ತೆ ಹೋದರೆ ಮತ್ತೆ ಅದೇ ಮಾತು, "ಮಿಸ್ಸಿಂಗ್ ಓಗಿಲ್ಲ ಸಾರ್."

"ಮಿಸ್ಸಿಂಗ್ ಹೋಗಿಲ್ಲ ಅಂದ್ರ?" ಎಂದು ಇವರು ದಾರಿಯುದ್ದಕ್ಕೂ ಗೊಣಗಿದರು. "ಹೋಗಿದ್ದಕ್ಕ ಅಲ್ಲೇನು ಮಿಸ್ಸಿಂಗ್ ಅನ್ನೋದು? ಈ ಮನಶ್ಯಾಗ ವ್ಯಾಕರಣನ ಇಲ್ಲ."

ಮನೆಗೆ ಬಂದವರೇ ಹುಡುಕಾಟ ಶುರು ಮಾಡಿದರು. ಕಾರಿನ ಜೊತೆ ಬಂದಿದ್ದ ವಿಲಾಯಿತಿ ಪುಸ್ತಕ ಹರವಿಕೊಂಡು, ಕಾಲೇಜಿನಿಂದ ಸೀಮೆಸುಣ್ಣ ತಂದು, ಇಂಜಿನ್ನಿನ ಒಂದೊಂದು ಬೋಲ್ಟಿಗೂ ನಂಬರು ಹಾಕಿದರು. ಪುಸ್ತಕದಲ್ಲಿದ್ದದ್ದು ಕಾರಿನಲ್ಲೂ ಇದೆಯೇ ಎಂದು ನಾನು ಹಾಜರಿ ಕೂಗಬೇಕು. "ನಲವತ್ತೊಂದು?" "ಐತಿ." "ನಲವತ್ತೆರಡು?" "ಐತಿ." ಪುಟ್ಟಲಕ್ಷ್ಮಿ ಬಂದು ನೋಡಿ, "ಅಕ್ಕಾ, ಗಾಡೀಗೂ ಅಟೆಂಡೆನ್ಸಾ?" ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ನಿಲ್ಲಲ್ಲ ಅಲ್ವಾ ಅಕ್ಕಾ?" ಎಂದು ಕೇಳಿದಳು. ಆ ಪ್ರಶ್ನೆ ಕೇಳಿದ ಮೇಲೆ ನಾನು ಹಾಜರಿಯನ್ನು ಸರಿಯಾಗಿ ಕೂಗತೊಡಗಿದೆ.

ಬೋಲ್ಟುಗಳೆಲ್ಲ ಹಾಜರಿದ್ದವು. ಇವರು ಒಂದು ತೀರ್ಮಾನಕ್ಕೆ ಬಂದರು. ಕಾರಿನಿಂದ ಏನೋ ಹೋಗಿದೆ, ಏನೆಂದು ಸೆಲ್ವಣ್ಣನಿಗೆ ಗೊತ್ತಿದೆ, ಗೊತ್ತಿದ್ದೂ ಹೇಳುತ್ತಿಲ್ಲ. ಬಾಯಿಮಾತಿನಲ್ಲಿ ಕೇಳಿ ಮುಗಿಸುವುದನ್ನು ಬಿಟ್ಟು ಇಂಗ್ಲಿಷಿನಲ್ಲಿ ಒಂದು ಪತ್ರ ಬರೆದರು. ಫಿಲ್ಲರಿನಿಂದ ಹೊಸ ಶಾಯಿ ತುಂಬಿ, ಬಹಳ ಮರ್ಯಾದೆಯಿಂದ ಬರೆದ ಪತ್ರ. ಕಾಣೆಯಾದ ಭಾಗವನ್ನು ದಯವಿಟ್ಟು ಮರಳಿಸಬೇಕು, ಆಗದಿದ್ದರೆ ಅದರ ಹೆಸರನ್ನಾದರೂ ತಿಳಿಸುವ ಕೃಪೆ ಮಾಡಬೇಕು ಎಂದು ಅದರ ಸಾರಾಂಶ. ನಾನು ಬೇಡ ಎಂದೆನೇ? ಎನ್ನಲಿಲ್ಲ. ಅಕ್ಷರ ಚೆಂದ ಐತಿ ಎಂದೆ. ಆ ತಪ್ಪಿನಲ್ಲಿ ನನ್ನದೂ ಪಾಲಿದೆ.

ಸೆಲ್ವಣ್ಣ ಆ ಪತ್ರವನ್ನು ಪಕ್ಕದ ಔಷಧಿ ಅಂಗಡಿಯವರ ಕೈಲಿ ಓದಿಸಿದನಂತೆ. ಅವರು ಅಷ್ಟೊಂದು ಮರ್ಯಾದೆಯ ಇಂಗ್ಲಿಷನ್ನು ಒಂದೇ ವಾಕ್ಯಕ್ಕೆ ಇಳಿಸಿದರು: "ನೀನು ಪಾರ್ಟು ಕದ್ದಿದ್ದೀಯ ಅಂತಾರೆ." ಮದುವೆಗೆ ಎಂಟು ದಿನ ಇರುವಾಗ ನಾವು ಹೋದಾಗ ಸೆಲ್ವಣ್ಣ ಸ್ಕ್ರೂಡ್ರೈವರನ್ನು ನೆಲದ ಮೇಲಿಟ್ಟು ಎದ್ದು ನಿಂತ.

"ಸಾರ್, ಇಪ್ಪತ್ತು ವರ್ಸದಿಂದ ಈ ಮರದಡೀಲಿ ಇದೀನಿ. ಒಂದು ವಾಷರ್ ಮುಟ್ಟಿಲ್ಲ. ನೀವು ಓದ್ದೋರು, ಬೇರೆ ಗ್ಯಾರೇಜ್ ನೋಡ್ಕೊಳ್ಳಿ."

"ಅಲ್ರಿ ಸೆಲ್ವಣ್ಣ, ಮಿಸ್ಸಿಂಗ್ ಅಂದವರು ನೀವ..."

"ಈಗ್ಲೂ ಅದೇ ಏಳ್ತೀನಿ. ಮಿಸ್ಸಿಂಗ್ ಐತೆ. ಒರಡಿ ಸಾರ್."

ಹೆಬ್ಬಾಳದಲ್ಲಿ ಒಬ್ಬರು, ಯಲಹಂಕದಲ್ಲಿ ಒಬ್ಬರು ನೋಡಿದರು. ಒಬ್ಬರು ಪೆಟ್ರೋಲಿನಲ್ಲಿ ನೀರಿದೆ ಎಂದರು, ಇನ್ನೊಬ್ಬರು ಮಾರಿಬಿಡಿ ಎಂದರು. ಮದುವೆಯ ಹಿಂದಿನ ದಿನ ಹೆಣ್ಣು ಹೊರಡುವುದೆಂದು ನಿಶ್ಚಯವಾಗಿತ್ತು. ಆ ಬೆಳಿಗ್ಗೆಯೂ ಕಾರು ಎಂದಿನಂತೆ ನಡುಗುತ್ತಿತ್ತು. ಇವರ ಮುಖ ನೋಡಲಾಗುತ್ತಿರಲಿಲ್ಲ. ಹೋಗಿ ಆಗುವುದಿಲ್ಲವೆಂದು ಹೇಳಿಬಿಡೋಣ ಎಂದು ಎರಡು ಸಲ ಚಪ್ಪರದವರೆಗೆ ಹೋಗಿ, ಚಿಕ್ಕಮುನಿಯಪ್ಪನವರು "ಬನ್ನಿ ಮೇಷ್ಟ್ರೆ, ಕಾಪಿ ಕುಡೀರಿ" ಎಂದಾಗ ಕಾಫಿ ಕುಡಿದು ಮರಳಿ ಬಂದರು. ನಾನು ರೇಷ್ಮೆ ಸೀರೆ ಉಟ್ಟು, ಗೇಟಿನ ಕಲ್ಲನ್ನು ತೊಳೆದು, ಹಳೆಯ ಪತ್ರಿಕೆಯಲ್ಲಿ ಸುತ್ತಿ ಇಟ್ಟುಕೊಂಡೆ.

ಮಧ್ಯಾಹ್ನ ಊಟವಾದ ಮೇಲೆ ಕಾರಿಗೆ ಹೂವಿನ ಸರ ಬಿಟ್ಟರು. ಇವರು ಬಾನೆಟ್ ತೆರೆದಿಟ್ಟು, ಸೀಟಿನಲ್ಲಿ ಕೂತು ಭರ್ರ್ ಭರ್ರ್ ಎನ್ನಿಸುತ್ತ ಇಂಜಿನ್ನನ್ನು ಬದುಕಿಸಿಟ್ಟಿದ್ದರು. ಮುನಿತಾಯಮ್ಮಜ್ಜಿ ನನ್ನ ಕೈಗೆ ಕುಂಕುಮದ ಬಟ್ಟಲು, ಹಚ್ಚಿದ ಊದಿನಕಡ್ಡಿ ಕೊಟ್ಟರು. "ಬರೀ ಮೂತಿಗೆ ಇಕ್ಕಿದ್ರೆ ಸಾಲ್ದು, ಒಳಗಿನ ಇಂಜಿನ್ನಿಗೂ ಇಕ್ಕಮ್ಮಾ. ಕೆಲ್ಸ ಮಾಡೋದು ಅದೇ ಅಲ್ವಾ."

ಮಾತು ಸರಿಯಾಗಿತ್ತು. ನಾನು ಬಗ್ಗಿ, ಸೀಮೆಸುಣ್ಣದ ನಂಬರುಗಳ ನಡುವೆ ಜಾಗ ಹುಡುಕಿ ಕುಂಕುಮ ಇಟ್ಟು ಊದಿನಕಡ್ಡಿ ಬೆಳಗಿದೆ. ಪೆಟ್ರೋಲಿನ ಇಂಜಿನ್ನಿನ ಮೇಲೆ ಕೆಂಡ ಆಡಿಸುವುದೆಂದರೇನೆಂದು ಈಗ ಗೊತ್ತಾಗಿದೆ, ನೀವು ಯಾರೂ ಮಾಡಬೇಡಿ. ಫ್ಯಾನಿನ ಗಾಳಿಗೆ ಹೊಗೆ ಚೆಲ್ಲಾಪಿಲ್ಲಿ ಹೋಗುತ್ತಿತ್ತು. ಇದ್ದಕ್ಕಿದ್ದಂತೆ ಒಂದು ಕಡೆ ಹಾಗಾಗಲಿಲ್ಲ. ಹೊಗೆ ಗೆರೆ ಎಳೆದಂತೆ ನೆಟ್ಟಗೆ ಕೆಳಗಿಳಿದು ಎಲ್ಲೋ ಒಳಗೆ ಹೋಗಿ ಮಾಯವಾಯಿತು. ಅದೇ ಹೊತ್ತಿಗೆ ನನ್ನ ಕಿವಿಗೆ ಒಂದು ಸಣ್ಣ ಸುಂಯ್ ಕೇಳಿತು. ನನಗೆ ಬಾಲ್ಯದಿಂದ ಗೊತ್ತಿದ್ದ ದನಿ. ಗದಗಿನ ನಮ್ಮ ಪಡಸಾಲೆಯಲ್ಲಿ ತೂತು ಬಿದ್ದ ಪೆಟ್ಟಿಗೆಗಳೆಲ್ಲ ಹೀಗೇ ಅಳುತ್ತಿದ್ದವು.

ನೋಡಿದರೆ ಇಂಜಿನ್ನು ಗಾಳಿ ಎಳೆದುಕೊಳ್ಳುವ ದಪ್ಪ ಕೊಳವೆಯ ಅಡಿಯಲ್ಲಿ, ಬೆರಳಿಗಿಂತ ಸಣ್ಣದಾದ ಒಂದು ಹಿತ್ತಾಳೆಯ ಮೂತಿ. ಬಾಯಿ ತೆರೆದಿದೆ. ಊದಿನಕಡ್ಡಿಯನ್ನು ಅಜ್ಜಿಗೆ ಕೊಟ್ಟು, ಅದರ ಮೇಲೆ ಬೆರಳಿಟ್ಟೆ. ಬೆರಳನ್ನು ಅದು ಕರು ಚೀಪಿದಂತೆ ಚೀಪಿತು. ಇಂಜಿನ್ನು ಒಮ್ಮೆಗೇ ಜೋರಾಗಿ ಕೂಗಿತು.

"ಕಾಲು ತಗೀರಿ!" ಎಂದು ಕಿರುಚಿದೆ.

"ತಗದ್ರ ಬಂದ್ ಆಗತೈತಿ!"

"ತಗೀರಿ ಅಂದ್ನೆಲ್ಲ!"

ಇವರು ಕಾಲು ತೆಗೆದರು. ಬಂದ್ ಆಗಲಿಲ್ಲ. ಕಾರು ಅಷ್ಟು ಮೆಲ್ಲಗೆ, ಅಷ್ಟು ಸಮನಾಗಿ ನುಡಿಯುವುದನ್ನು ನಾವು ಎಂದೂ ಕೇಳಿರಲಿಲ್ಲ. ಬೆರಳು ತೆಗೆದೆ, ಗಡಗಡ ನಡುಕ. ಬೆರಳಿಟ್ಟೆ, ಶಾಂತ. ಮತ್ತೆ ತೆಗೆದೆ, ಮತ್ತೆ ಇಟ್ಟೆ. ಅಜ್ಜಿ ಕೈಮುಗಿದರು, ಕಾರಿಗೋ ನನಗೋ ತಿಳಿಯಲಿಲ್ಲ. ಇವರು ಇಳಿದು ಬಂದು ನನ್ನ ಬೆರಳನ್ನೇ ನೋಡುತ್ತ ನಿಂತರು.

"ಇಲ್ಲೇ ಒಂದು ಟೊಪಗಿ ಇರಬೇಕಿತ್ತು ರೀ," ಎಂದೆ. "ಅದು ಇಲ್ಲ."

ಇವರ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಮದುವೆ ಮರೆತು, ಗೇಟು ಮರೆತು, ಎರಡೂ ಕೈ ಮೇಲೆತ್ತಿ ಕೂಗಿದರು. "ಮಿಸ್ಸಿಂಗ್! ನಾ ಹೇಳಿದ್ನೆಲ್ಲ! ಏನೋ ಮಿಸ್ಸಿಂಗ್ ಐತಿ ಅಂತ!"

"ಐತ್ರಿ. ಈಗ ನನ್ನ ಬಟ್ಟು ಇಲ್ಲೇ ಬಿಟ್ಟು ನಾ ಯಶವಂತಪುರಕ್ಕ ಬರಾಕ ಆಗೂದಿಲ್ಲ. ಏನರ ತರ್ರಿ."

ಒಳಗೆ ಓಡಿದರು. ಔಷಧಿ ಬಾಟಲಿಯ ಬಿರಡೆ ತಂದರು, ದೊಡ್ಡದಾಯಿತು. ಸೈಕಲ್ಲಿನ ವಾಲ್ವ್ ಟ್ಯೂಬು ತಂದರು, ಸಣ್ಣದಾಯಿತು. ಕೊನೆಗೆ ಬರೆಯುವ ಮೇಜಿನ ಮೇಲಿದ್ದ ಇಂಕ್ ಫಿಲ್ಲರನ್ನು ಕೈಯಲ್ಲಿ ಹಿಡಿದು ಹೊಸಿಲಲ್ಲಿ ನಿಂತರು. ಒಂದು ಕ್ಷಣ ತಡವರಿಸಿದರು. ಆಮೇಲೆ ರಬ್ಬರನ್ನು ಕಿತ್ತು ಜಿಗಿದು ಬಂದರು. ಅದು ಆ ಹಿತ್ತಾಳೆಯ ಮೂತಿಗೆ ಅಳತೆ ತೆಗೆದಂತೆ ಕೂತಿತು. ಪತ್ರ ಬರೆದು ಉಳಿದಿದ್ದ ನೀಲಿ ಶಾಯಿ ಒಂದು ಹನಿ ನನ್ನ ರೇಷ್ಮೆ ಸೆರಗಿಗೆ ಬಿತ್ತು. ಆ ಕಲೆ ಈಗಲೂ ಇದೆ.

ಹೊರಟೆವು. ಮುಂದೆ ಇವರ ಪಕ್ಕ, ಚಪ್ಪರದಲ್ಲಿ ಎಲೆ ಅಡಿಕೆ ಮುಗಿಸಿ ಆಗಷ್ಟೇ ಬಂದ ಗಂಡಿನ ಸೋದರಮಾವ, ಜರತಾರಿ ಪೇಟ, ಕಣ್ಣು ಆಕಾಶದ ಕಾಗೆಗಳ ಮೇಲೆ. ಹಿಂದೆ ಪುಟ್ಟಲಕ್ಷ್ಮಿ, ಪಕ್ಕದಲ್ಲಿ ನಾನು, ನನ್ನ ಮಡಿಲಲ್ಲಿ ಕಲ್ಲು. ಇಂಕ್ ಫಿಲ್ಲರಿನ ಮೇಲೆ ಅಷ್ಟು ನಂಬಿಕೆ ಇನ್ನೂ ಬಂದಿರಲಿಲ್ಲ. ನಮ್ಮ ಹಿಂದೆ ಟ್ರಾಕ್ಟರಿನಲ್ಲಿ ಇಡೀ ವಠಾರ.

"ಅಕ್ಕಾ, ಮಡಿಲಲ್ಲಿ ಅದೇನು?" ಎಂದು ಪುಟ್ಟಲಕ್ಷ್ಮಿ ಪಿಸುಗುಟ್ಟಿದಳು.

ಮುಂದಿನ ಪೇಟ ಕಿವಿ ನಿಮಿರಿಸಿತು. ಚಕ್ರಕ್ಕೆ ಕೊಡುವ ಕಲ್ಲು ಎಂದು ಹೇಗೆ ಹೇಳಲಿ? "ಗುಂಡಕಲ್ಲು, ಅವ್ವ. ನಮ್ಮ ಕಡೆ ಶಾಸ್ತ್ರ ಐತಿ, ಸಂಸಾರ ಗಟ್ಟಿ ಇರಲಿ ಅಂತ," ಎಂದುಬಿಟ್ಟೆ. ಪೇಟ ಮೆಚ್ಚಿ ತಲೆದೂಗಿತು. ಮುಂದೆ ಅಮೃತಹಳ್ಳಿಯ ಇನ್ನೆರಡು ಮದುವೆಗಳಲ್ಲಿ ಹೆಣ್ಣಿನ ಜೊತೆ ಪತ್ರಿಕೆಯಲ್ಲಿ ಸುತ್ತಿದ ಕಲ್ಲೂ ಹೋಯಿತು. ಅದನ್ನು ಹುಟ್ಟಿಸಿದವಳು ನಾನೆಂದು ಇವತ್ತು ಒಪ್ಪಿಕೊಳ್ಳುತ್ತಿದ್ದೇನೆ.

ಕೊಡಿಗೇಹಳ್ಳಿ ಗೇಟು ಬಂತು. ನಾವು ಹತ್ತಿರವಾಗುತ್ತಿದ್ದಂತೆ ಗೇಟು ಇಳಿಯಿತು. ಏರಿನಲ್ಲಿ ಕಾರು ನಿಂತಿತು. ಇವರು ಬ್ರೇಕಿನ ಮೇಲೆ ಬಲಗಾಲಿಟ್ಟು, ಕಣ್ಣು ಮುಚ್ಚಿ ಸ್ಟಿಯರಿಂಗ್ ಹಿಡಿದು ಕೂತರು. ಗೂಡ್ಸ್ ರೈಲು, ಮುಗಿಯುವಂಥದ್ದಲ್ಲ. ಅದು ಕೊನೆಗೆ ದಾಟಿ ಹೋದಾಗ ಸುತ್ತ ಒಂದು ದೊಡ್ಡ ನಿಶ್ಶಬ್ದ. ಕಾರಿನಿಂದ ಯಾವ ಸದ್ದೂ ಇಲ್ಲ.

ಸೋದರಮಾವ ನಿಧಾನವಾಗಿ ತಿರುಗಿದರು. "ಗಾಡಿ ನಿಂತೋಯ್ತಾ ಮೇಷ್ಟ್ರೆ?"

ಪುಟ್ಟಲಕ್ಷ್ಮಿಯ ಕೈ ನನ್ನ ಕೈಯನ್ನು ಹಿಡಿಯಿತು. ಬಳೆ ಒತ್ತುವಷ್ಟು ಹಿಡಿಯಿತು. ನಮ್ಮ ಮನೆಯವರು ಕಣ್ಣು ತೆರೆದರು. ಅವರಿಗೂ ಹಾಗೇ ಅನ್ನಿಸಿತ್ತು. ಆ ಕಾರಿನಲ್ಲಿ ಸದ್ದಿಲ್ಲ ಎಂದರೆ ಬಂದ್ ಆಗಿದೆ ಎಂದೇ ಅರ್ಥ, ಬೇರೆ ಅರ್ಥ ನಾವು ಕಂಡಿರಲಿಲ್ಲ. ಅವರ ಕೈ ಕೀಲಿಯ ಕಡೆ ಹೋಯಿತು. ತಿರುಗಿಸಿದ್ದರೆ ಚೆನ್ನಾಗಿ ಓಡುತ್ತಿದ್ದ ಇಂಜಿನ್ನನ್ನು ತಾವೇ ಆರಿಸಿರುತ್ತಿದ್ದರು. ನಾನು ಸೀಟಿಗೆ ಒರಗಿ ಕೂತಿದ್ದೆ. ಬೆನ್ನಿಗೆ ಸಣ್ಣಗೆ, ಒಂದೇ ಸಮನೆ ಒಂದು ಮಿಡಿತ ತಾಗುತ್ತಿತ್ತು.

"ಕೈ ಬಿಡ್ರಿ! ಅದು ಚಾಲೂ ಐತಿ. ಸುಮ್ಮನ ಐತಿ ಅಷ್ಟ. ಕಾಲು ಕೊಡ್ರಿ!"

ಗೇಟು ಮೇಲೆದ್ದಿತು. ಇವರು ಕಾಲು ಕೊಟ್ಟರು. ತಡವರಿಸಲಿಲ್ಲ, ಉಸಿರು ಹಿಡಿಯಲಿಲ್ಲ, ಜಿಗಿಯಲಿಲ್ಲ. ಗುರ್ರ್ ಎಂದು ಹಳಿ ದಾಟಿ ಆ ಕಡೆಗೆ ಹೋಗಿಯೇಬಿಟ್ಟಿತು. ಹಿಂದೆ ಟ್ರಾಕ್ಟರಿನವರು ಕೇಕೆ ಹಾಕಿದರು.

"ಎಂಥಾ ಗಾಡಿ ಸಾರ್," ಎಂದರು ಸೋದರಮಾವ, ಪೇಟ ಸರಿಮಾಡಿಕೊಳ್ಳುತ್ತ. "ನಿಂತಿದ್ದು ಗೊತ್ತಾಗಲ್ಲ, ಒಂಟಿದ್ದು ಗೊತ್ತಾಗಲ್ಲ. ಒಳ್ಳೆ ಸಕುನ."

ಪುಟ್ಟಲಕ್ಷ್ಮಿ ಅಳುತ್ತಿದ್ದಳು. ಕಾಡಿಗೆ ಕೆನ್ನೆಗಿಳಿದಿತ್ತು. ನಾನೂ ಅಳುತ್ತಿದ್ದೆ. ಮಡಿಲಿನ ಕಲ್ಲು ಭಾರವಾಗಿತ್ತು, ಆದರೆ ಅದಕ್ಕಲ್ಲ.

ಮದುವೆ ಮುಗಿದ ಮೇಲೆ ಇವರು ಆರ್.ಟಿ. ನಗರಕ್ಕೆ ಹೋಗಿ, ಈ ಸಲ ಬಾಯಿಮಾತಿನಲ್ಲೇ ಸೆಲ್ವಣ್ಣನಲ್ಲಿ ತಪ್ಪಾಯಿತೆಂದು ಕೇಳಿಕೊಂಡರು. ಸೆಲ್ವಣ್ಣ ಬಾನೆಟ್ ತೆಗೆದು ನೀಲಿ ರಬ್ಬರನ್ನು ಬಹಳ ಹೊತ್ತು ನೋಡಿದ. ಹಿಂದಿನ ಕಾಲದಲ್ಲಿ ವೈಪರು ಇಂಜಿನ್ನು ಎಳೆದುಕೊಳ್ಳುವ ಗಾಳಿಯಿಂದ ಆಡುತ್ತಿತ್ತು, ಅದರ ಪೈಪು ಅಲ್ಲಿಗೆ ಬರುತ್ತಿತ್ತು, ಹಳೆಯ ಮಾಲೀಕರು ಕರೆಂಟಿನ ವೈಪರು ಹಾಕಿಸಿ ಪೈಪು ತೆಗೆಸಿ ಬಾಯಿಗೆ ಮುಚ್ಚಳ ಹಾಕಿಸಿರಬೇಕು, ಆ ಮುಚ್ಚಳ ಯಾವಾಗಲೋ ಬಿದ್ದಿದೆ ಎಂದು ವಿವರಿಸಿದ.

"ಅಂದ್ರ ಮಿಸ್ಸಿಂಗ್ ಇತ್ತು," ಎಂದರು ಇವರು.

"ಅದೇ ಸಾರ್, ನಾನು ಮೊದ್ಲಿಂದ ಏಳಿದ್ದು," ಎಂದ ಸೆಲ್ವಣ್ಣ.

ಇಬ್ಬರೂ ಗೆದ್ದ ಮುಖ ಮಾಡಿಕೊಂಡು ಚಹಾ ಕುಡಿದರು. ಸರಿಯಾದ ಮುಚ್ಚಳ ಹಾಕಲು ಸೆಲ್ವಣ್ಣ ಒಪ್ಪಲಿಲ್ಲ. ಕೆಲಸ ಮಾಡುವುದನ್ನು ಮುಟ್ಟಬಾರದಂತೆ. ಬಿಸಿಗೆ ರಬ್ಬರು ಬಿರುಕು ಬಿಟ್ಟಾಗೆಲ್ಲ ಹೊಸ ಫಿಲ್ಲರ್ ತರುತ್ತಿದ್ದೆವು. ನನ್ನ ಡ್ರಾಯರಿನಲ್ಲಿರುವುದು ಮೊದಲನೆಯದು.

ಎಂಬತ್ತರ ದಶಕದಲ್ಲಿ ನಾವು ಆರ್.ಟಿ. ನಗರದಲ್ಲಿ ಪುಟ್ಟ ಮನೆ ಕಟ್ಟಿಕೊಂಡು ಅಮೃತಹಳ್ಳಿ ಬಿಟ್ಟೆವು. ಹೋಗಿ ಒಂದು ವಾರವಾಗಿತ್ತು. ಸಂಜೆ ಬಾಗಿಲಲ್ಲಿ ಚಿಕ್ಕಮುನಿಯಪ್ಪನವರು, ಹೆಗಲ ಮೇಲೆ ಅವರೆಕಾಯಿಯ ಚೀಲ. ಎರಡು ಬಸ್ಸು ಬದಲಾಯಿಸಿ ಬಂದಿದ್ದರು. ಪುಟ್ಟಲಕ್ಷ್ಮಿಯ ಎರಡನೆಯ ಮಗುವಿಗೆ ಹಲ್ಲು ಬಂದದ್ದು, ಅಜ್ಜಿಯ ಮಂಡಿನೋವು, ಎಲ್ಲ ಹೇಳಿದರು. ಹೇಳಿ ಮುಗಿದ ಮೇಲೂ ಏಳಲಿಲ್ಲ. ಟವೆಲನ್ನು ತಿರುಚುತ್ತ ಕೂತರು.

"ಏನ್ ಸಮಾಚಾರ ಗೌಡ್ರೆ?" ಎಂದು ಇವರು ಕೇಳಿದರು. ಅಷ್ಟು ಬೆಂಗಳೂರು ಕನ್ನಡ ಅವರಿಗೂ ಬಂದಿತ್ತು.

"ಏನಿಲ್ಲ ಮೇಷ್ಟ್ರೆ. ಬೆಳಗಾಗೆದ್ರೆ ರೊಟ್ಟಿ ಸದ್ದಿಲ್ಲ. ನಮ್ಮವ್ವ ಎದ್ದು ಗೋಡೆ ನೋಡ್ತದೆ." ಅವರು ಟವೆಲಿನಿಂದ ಮುಖ ಒರೆಸಿಕೊಂಡರು. "ನೀವು ಓದ್ಮ್ಯಾಗೆ ವಠಾರ ಮಿಸ್ಸಿಂಗ್ ಒಡೀತೈತೆ."

ನಾನು ಗಾಬರಿಯಿಂದ ಇವರ ಕಡೆ ನೋಡಿದೆ. ಆ ಪದ ಕಿವಿಗೆ ಬಿದ್ದರೆ ಇವರು ಬಿಡುವವರಲ್ಲ. ತುಟಿ ಅಲುಗಿತು. ಕಿಟಕಿಯ ಕಡೆ ನೋಡಿದರು. ಆದರೆ ಏನು ಮಿಸ್ಸಿಂಗ್ ಎಂದು ಕೇಳಲಿಲ್ಲ. ಎದ್ದು ಒಳಗೆ ಹೋಗಿ ಕಾರಿನ ಕೀಲಿ ತಂದರು.

"ನಡೀರಿ ಗೌಡ್ರ, ಮನೀ ಮುಟ್ಟಿಸಿ ಬರ್ತೇವಿ," ಎಂದರು. ನನ್ನ ಕಡೆ ತಿರುಗಿ, "ಏ, ನೀನೂ ಬಾ. ಜ್ವಾಳದ ಹಿಟ್ಟು ತಗೊಂಡು ಬಾ," ಎಂದರು.